ನಾಯಿ ಬಾಯಿಯ ಕೌಜುಗ

ನಮ್ಮ ಭಾವನಿಗೆ, ಎಂದರೆ ನನ್ನ ಗಂಡನ ಅಣ್ಣನಿಗೆ, ಅಡುಗೆಯ ವಿಷಯದಲ್ಲಿ ಒಂದು ಹಠವಿತ್ತು. ಕೌಜುಗವನ್ನು ಬಿಸಿನೀರಿಗೆ ಅದ್ದಬಾರದು. ಊರಕೋಳಿಯನ್ನು ಅದ್ದಿ, ಬ್ರಾಯ್ಲರನ್ನು ಬೇಕಾದರೆ ದಿನವಿಡೀ ಮುಳುಗಿಸಿಡಿ, ಅವರಿಗೆ ಚಿಂತೆಯಿಲ್ಲ. ಕೌಜುಗದ ಪುಕ್ಕವನ್ನು ಮಾತ್ರ ಒಣಗಿದ್ದ ಹಾಗೆಯೇ ಕೈಯಲ್ಲಿ ಕೀಳಬೇಕು, ಆಮೇಲೆ ತೆಂಗಿನ ಗರಿಯ ಬೆಂಕಿಯಲ್ಲಿ ಸುಡಬೇಕು. "ನೀರು ತಾಗಿದರೆ ಚರ್ಮದ ರುಚಿ ಹೋಯ್ತು ಮಾರಾಯ್ತಿ, ಮತ್ತೆ ಬ್ರಾಯ್ಲರೇ ತಿನ್ನಬಹುದಲ್ಲ" ಎನ್ನುತ್ತಿದ್ದರು. ಇಪ್ಪತ್ತು ವರ್ಷ ಗಲ್ಫಿನ ಹೋಟೆಲೊಂದರ ಅಡುಗೆಮನೆಯಲ್ಲಿ ನಿಂತು ಬಂದ ಮನುಷ್ಯ, ಎದುರಾಡುವುದು ಹೇಗೆ? ಹಾಗೆ ಪುಕ್ಕ ಕೀಳುವ ಕೆಲಸ ನನ್ನ ಪಾಲಿಗೆ ಬಂತು. ಭಾವನ ಹೆಂಡತಿ, ನಾನು ಅಕ್ಕ ಎನ್ನುವವಳು, ಆ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ನನ್ನ ಗಂಡ ಇನ್ನೂ ಗಲ್ಫಿನಲ್ಲೇ ಇದ್ದಾರೆ. ಸಿದ್ಧಕಟ್ಟೆಯ ಹತ್ತಿರದ ಈ ಮನೆಯಲ್ಲಿ ಇರುವುದು ನಾವು ಮೂವರೇ.

ಸುಳ್ಳು ಯಾಕೆ ಹೇಳಲಿ, ನನಗೆ ಆ ಮಾಂಸವೆಂದರೆ ಪ್ರಾಣ. ಕಾಡಿನ ಹಕ್ಕಿ ಹಿಡಿಯುವುದು ಅಪರಾಧ ಎಂದು ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಗೊತ್ತಿದ್ದೇ ಎಷ್ಟೋ ಭಾನುವಾರ ಬೆಳಿಗ್ಗೆ ಬಟ್ಟೆಚೀಲ ಹಿಡಿದುಕೊಂಡು ಭಾವನ ಹಿಂದೆ ಹೊರಟಿದ್ದೇನೆ. ಸೌದೆ ತರಲು ಹೋಗುವವರ ಹಾಗೆ ಮುಖ ಮಾಡಿಕೊಂಡು ನಡೆಯುವುದು ಬೇರೆ. ಮನೆಯ ಹಿಂದಿನ ಗೇರುಗುಡ್ಡ ಹತ್ತಿದರೆ ಮುರಕಲ್ಲಿನ ಬಯಲು, ನಾವು ಪದವು ಎನ್ನುವುದು ಅದಕ್ಕೇ. ಅದರ ಅಂಚಿನ ಪೊದೆಗಳಲ್ಲಿ ಕೌಜುಗ ಇರುತ್ತಿತ್ತು. ಭಾವನ ಬಳಿ ಕೋವಿ ಇರಲಿಲ್ಲ, ಎರಡು ಊರನಾಯಿಗಳಿದ್ದವು. ಕೆಂದು ಬಣ್ಣದ ಹೆಣ್ಣುನಾಯಿ ಮೂಸಿ ಹುಡುಕಿ, ಪೊದೆಯ ಮುಂದೆ ಒಂದು ಕಾಲೆತ್ತಿ ನಿಂತುಬಿಡುತ್ತಿತ್ತು. ಕಪ್ಪು ಗಂಡುನಾಯಿ ಸುತ್ತು ಹಾಕಿ ಆಚೆ ಬದಿಯಲ್ಲಿ ಕಾಯುತ್ತಿತ್ತು. ಕೌಜುಗಕ್ಕೆ ಹಾರುವುದಕ್ಕಿಂತ ಓಡುವುದೇ ಅಭ್ಯಾಸ. ಭಾವ ಒಂದು ಕಲ್ಲೆಸೆದರೆ ಸಾಕು, ಅದು ಓಡಿ ಓಡಿ ಕಪ್ಪುನಾಯಿಯ ಬಾಯಿಗೇ ಬೀಳುತ್ತಿತ್ತು. ಹಲ್ಲು ನಾಟದ ಹಾಗೆ ತಂದು ಭಾವನ ಕಾಲ ಬುಡದಲ್ಲಿ ಇಟ್ಟು ಬಾಲ ಅಲ್ಲಾಡಿಸುತ್ತಿತ್ತು, ಅಷ್ಟು ಚಂದದ ನಾಯಿ.

ಆ ಭಾನುವಾರ ಅದು ಹಕ್ಕಿಯನ್ನು ಕೆಳಗಿಡಲಿಲ್ಲ. ಬಾಯಿ ಬಿಗಿಹಿಡಿದು ನಿಂತಿತ್ತು. "ಬಿಡಾ, ಬಿಡು" ಎಂದು ಭಾವ ಗದರಿಸಿದರು, ಕೊನೆಗೆ ದವಡೆಯೊಳಗೆ ಬೆರಳು ಹಾಕಿ ಬಿಡಿಸಬೇಕಾಯಿತು. ಬಿಡಿಸುವಾಗ ಒಂದು ಹಲ್ಲು ಅವರ ಅಂಗೈಗೆ ಗೀರಿತು. ಅವರು ಪ್ಯಾಂಟಿಗೆ ಒರೆಸಿಕೊಂಡರು, ಮುಗಿಯಿತು. ನಾನು ಹಕ್ಕಿಯನ್ನು ಚೀಲಕ್ಕೆ ಹಾಕಿಕೊಳ್ಳುವಾಗ ಅದರ ಕುತ್ತಿಗೆಯೆಲ್ಲ ಜೊಲ್ಲಿನಿಂದ ನೆನೆದಿತ್ತು. ಅಷ್ಟು ಜೊಲ್ಲು ಯಾಕೆ ಎಂದು ಕೇಳಬಹುದಿತ್ತು. ಸುಕ್ಕಕ್ಕೆ ತೆಂಗಿನಕಾಯಿ ಸಾಕಾದೀತೇ ಎಂದು ಯೋಚಿಸುತ್ತಿದ್ದೆ ನಾನು, ಹೊಟ್ಟೆಬಾಕಿ.

ಬೆಳಿಗ್ಗೆ ಗುಡ್ಡಕ್ಕೆ ಹೊರಡುವ ಮೊದಲು ಆ ತೆಂಗಿನಕಾಯಿ ಒಡೆಯುವಾಗಲೇ ಕತ್ತಿ ಜಾರಿ ನನ್ನ ಎಡಗೈ ತೋರುಬೆರಳು ಸೀಳಿತ್ತು. ಬಟ್ಟೆ ಸುತ್ತಿದ್ದೆ. ಪುಕ್ಕ ಕೀಳುವಾಗ ಬಟ್ಟೆ ಅಡ್ಡ ಬರುತ್ತದೆಂದು ಬಿಚ್ಚಿ ಬಿಸಾಡಿದೆ. ಜೊಲ್ಲು ಅಂಟಿದ ಪುಕ್ಕವನ್ನು ಹಸಿಗಾಯದ ಬೆರಳಿನಲ್ಲಿ, ಒಂದೊಂದೇ ಹಿಡಿಯಾಗಿ, ಅರ್ಧ ಗಂಟೆ ಕಿತ್ತೆ.

ಕಾಡಿನ ಮಾಂಸ ನಮ್ಮಲ್ಲಿ ಒಳಗಿನ ಒಲೆಗೆ ಹೋಗುವುದಿಲ್ಲ. ಬಚ್ಚಲಿನ ಹಿಂದೆ ಮೂರು ಕಲ್ಲಿಟ್ಟು ಭಾವನೇ ಬೇಯಿಸುತ್ತಿದ್ದರು. ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಕಾಳುಮೆಣಸು ಹುರಿದು, ಬೆಳ್ಳುಳ್ಳಿ ಸೇರಿಸಿ ಕಲ್ಲಿನಲ್ಲೇ ಅರೆದು, ಕೊನೆಗೆ ಕಾಯಿತುರಿ ಬೆರೆಸಿ ನೀರು ಆರುವವರೆಗೆ ಬಾಡಿಸುವುದು, ಅದೇ ಸುಕ್ಕ. ಅದು ಒಲೆಯ ಮೇಲಿದ್ದಾಗಲೇ ತಲೆ, ಈಲಿಯ, ಎಂದರೆ ಲಿವರಿನ, ಚೂರು ತೆಗೆದು ಆರಿಸಿ ನಾಯಿಗೆ ಕೊಡಬೇಕು. ನಾಯಿಪಾಲು ಎಂದು ಹೆಸರು. ನಾಯಿ ತಿನ್ನದೆ ಮನುಷ್ಯರು ತಿನ್ನಬಾರದು, ಹಿಡಿದವನ ಹಕ್ಕು ಮೊದಲು. ಕಪ್ಪುನಾಯಿ ಆ ದಿನ ಈಲಿಯನ್ನು ಬಾಯಿಗೆ ತೆಗೆದುಕೊಂಡಿತು, ಕುತ್ತಿಗೆ ಚಾಚಿತು, ಮತ್ತೆ ಚಾಚಿತು. ಈಲಿ ಹಾಗೆಯೇ ಹೊರಗೆ ಬಿತ್ತು.

"ಬಿಸಿಲಿಗೆ ಸುಸ್ತಾಗಿದೆ ಅದಕ್ಕೆ" ಎಂದರು ಭಾವ. ನಾವಿಬ್ಬರೂ ನೀರುದೋಸೆಯ ಜೊತೆ ಬಟ್ಟಲು ನೆಕ್ಕಿ ತಿಂದೆವು.

ಸೋಮವಾರ ಅದರ ಬೊಗಳುವ ಸ್ವರ ಒಡೆದಿತ್ತು, ಬೇರೆ ಯಾವುದೋ ಪ್ರಾಣಿ ಅಂಗಳಕ್ಕೆ ಬಂತೇ ಎಂದು ನಾನು ಹೊರಗೆ ಓಡಿ ನೋಡಿದೆ. ಮಂಗಳವಾರ ಕೆಳದವಡೆ ಜೋತುಬಿದ್ದಿತ್ತು, ಹಟ್ಟಿಯ ಕಂಬವನ್ನು ಕಚ್ಚಿ ಕಚ್ಚಿ ಬಾಯಿಯೆಲ್ಲ ರಕ್ತ. ಅಕ್ಕ ಬಾಗಿಲ ಸಂದಿನಿಂದ ನೋಡಿ, "ಇದು ಹುಚ್ಚೇ" ಎಂದಳು.

"ನಿನ್ನ ಬಾಯಲ್ಲಿ ಒಂದು ಒಳ್ಳೆ ಮಾತು ಬರ್ಲಿಕ್ಕಿಲ್ವಾ?" ಎಂದು ಭಾವ ಹಾರಿಬಿದ್ದರು. ಆದರೆ ಗೇಟಿಗೆ ಬೀಗ ಹಾಕಿ, ಕೆಂದುನಾಯಿಯನ್ನು ಬೇರೆ ಕಟ್ಟಿದ್ದೂ ಅವರೇ.

ಬುಧವಾರ ಬೆಳಿಗ್ಗೆ ಕಪ್ಪುನಾಯಿ ಸತ್ತಿತು. ಭಾವ ಗುಂಡಿ ತೋಡಿ ಹುಗಿದರು. ಮಣ್ಣು ಮುಚ್ಚಿ ಗುದ್ದಲಿಗೆ ಒರಗಿ ನಿಂತವರು, ನನ್ನ ಮುಖ ನೋಡದೆ ಹೇಳಿದರು: "ಒಂದು ತಿಂಗಳ ಹಿಂದೆ, ಹಬ್ಬದ ಮೊದಲು, ಪದವಿನಲ್ಲಿ ಒಂದು ನರಿ ಇದಕ್ಕೆ ಕಚ್ಚಿತ್ತು. ಹಗಲಲ್ಲೇ ಮೈಮೇಲೆ ಬಂದದ್ದು."

"ಇಂಜೆಕ್ಷನ್ ಕೊಡಿಸಿದಿರಾ?"

"ಎಲ್ಲಿ ಕಚ್ಚಿತು, ಅಲ್ಲಿ ಎಂತ ಮಾಡ್ತಿದ್ರಿ ಅಂತ ಪಶುವೈದ್ಯರು ಕೇಳುವುದಿಲ್ವಾ? ಫಾರೆಸ್ಟಿನವರ ಕಿವಿಗೆ ಬಿದ್ದರೆ?"

ಅಯ್ಯೋ ದೇವರೇ. ನನಗೆ ಹೆದರಿಕೆಗಿಂತ ಹೆಚ್ಚು ಸಿಟ್ಟು ಬಂತು. ಗಂಡನ ಅಣ್ಣ ಎನ್ನುವುದನ್ನೂ ಮರೆತು ಬಾಯಿಗೆ ಬಂದ ಹಾಗೆ ಬೈದೆ. ಆಮೇಲೆ ಬಟ್ಟೆ ಸಾಬೂನು ಹಚ್ಚಿ ಆ ಬೆರಳನ್ನು ತಿಕ್ಕಿದೆ, ತಿಕ್ಕಿದೆ, ಅಕ್ಕ ಎರಡು ಕೊಡಪಾನ ನೀರು ಹೊಯ್ದಳು. ಗಾಯ ಆಗಲೇ ಕೂಡಿಕೊಳ್ಳಲು ಶುರುವಾಗಿತ್ತು. ಅದನ್ನು ನೋಡಿಯೇ ನನಗೆ ಇನ್ನಷ್ಟು ಭಯವಾಯಿತು. ಒಳಗೆ ಹೋದದ್ದು ಒಳಗೇ ಉಳಿಯಿತಲ್ಲ ಎಂದು.

ಭಾವನ ಸ್ಕೂಟರಿನಲ್ಲಿ ಇಬ್ಬರೂ ಬಂಟ್ವಾಳದ ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಅವರದ್ದು ಒಂದೇ ಮಾತು: "ಕೌಜುಗದ ಸುದ್ದಿ ಎತ್ತಬೇಡ. ಸಾಕಿದ ನಾಯಿ ನೆಕ್ಕಿತು ಅಂತ ಹೇಳುವ." ಚೀಟಿ ಮಾಡಿಸಿ ಬೆಂಚಿನಲ್ಲಿ ಕುಳಿತೆವು. ನಮ್ಮ ಮುಂದಿನ ಸಾಲಿನಲ್ಲಿ ಖಾಕಿ ಅಂಗಿಯ ಒಬ್ಬ ಧಡೂತಿ ಮನುಷ್ಯ ಕುಳಿತಿದ್ದ. ಭಾವನ ಕಣ್ಣು ಆ ಅಂಗಿಯಿಂದ ಕದಲಲಿಲ್ಲ. ನರ್ಸಮ್ಮ ಬಾಗಿಲಲ್ಲಿ ನಿಂತು, "ನಾಯಿ ಕೇಸಿನವರು ಯಾರು? ಎಲ್ಲಿ ಕಚ್ಚಿದ್ದು, ಹೇಗೆ ಕಚ್ಚಿದ್ದು?" ಎಂದು ಇಡೀ ವರಾಂಡಕ್ಕೆ ಕೇಳುವ ಹಾಗೆ ಕೂಗಿದರು. ನಾನು ಎದ್ದೆ. ಭಾವ, "ನೀನು ಹೋಗಿರು, ಸ್ಕೂಟರಿಗೆ ಬೀಗ ಹಾಕಿ ಬರ್ತೇನೆ" ಎಂದರು.

ಒಳಗೆ ಡಾಕ್ಟರಮ್ಮನ ಎದುರು ಕುಳಿತ ಕೂಡಲೇ ನನ್ನ ಸುಳ್ಳೆಲ್ಲ ಬಿದ್ದುಹೋಯಿತು. ಹಕ್ಕಿ, ಜೊಲ್ಲು, ಪುಕ್ಕ, ನರಿ, ಎಲ್ಲ ಹೇಳಿಬಿಟ್ಟೆ. "ಬೇಯಿಸಿದ್ದನ್ನು ತಿಂದದ್ದಕ್ಕೆ ಹೆದರಬೇಡಿ, ಈ ಬೆರಳಿಗೆ ಹೆದರಿ" ಎಂದರು. ತೋಳಿಗೆ ಚುಚ್ಚಿದರು, ಗಾಯದ ಸುತ್ತಲೂ ಚುಚ್ಚಿದರು. ಬೆರಳಿಗೆ ಚುಚ್ಚಿದಾಗ ನಾನು ಅಮ್ಮಾ ಎಂದು ಕಿರುಚಿದ್ದು ಪೇಟೆಗೇ ಕೇಳಿರಬೇಕು. ಬೇರೆ ಯಾರಿಗಾದರೂ ತಾಗಿದೆಯೇ ಎಂದು ಕೇಳಿದಾಗ ಭಾವನ ಅಂಗೈಯ ಸಂಗತಿ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. "ಬೇಗ ಕರೆಯಿರಿ. ಇದು ಒಮ್ಮೆ ಶುರುವಾದರೆ ಮದ್ದಿಲ್ಲ. ಯಾರನ್ನೂ ಉಳಿಸ್ಲಿಕ್ಕೆ ಆಗುವುದಿಲ್ಲ."

ಹೊರಗೆ ಬಂದರೆ ಭಾವನೂ ಇಲ್ಲ, ಸ್ಕೂಟರೂ ಇಲ್ಲ. ಫೋನ್ ಸ್ವಿಚ್ ಆಫ್. ನಾನು ಮೆಟ್ಟಿಲಲ್ಲಿ ಅಳುತ್ತಾ ನಿಂತಿರುವಾಗ ಆ ಖಾಕಿ ಅಂಗಿಯ ಮನುಷ್ಯ ಕಾಲಿಗೆ ಬ್ಯಾಂಡೇಜು ಸುತ್ತಿಕೊಂಡು ಕುಂಟುತ್ತಾ ಹೊರಬಂದ. ನೇರ ಹೋಗಿ ಎದುರಿಗಿದ್ದ ಆಟೋರಿಕ್ಷಾದಲ್ಲಿ ಕುಳಿತು, ತಲೆ ಹೊರಗೆ ಹಾಕಿ, "ಎಲ್ಲಿಗಕ್ಕ? ಸಿದ್ಧಕಟ್ಟೆ ಬದಿಗಾದರೆ ಬಿಡ್ತೇನೆ" ಎಂದ.

ರಿಕ್ಷಾ ಡ್ರೈವರ್ ಮಾರಾಯ್ರೆ! ಕಾಲಿಗೆ ಮೊಳೆ ಹೊಕ್ಕಿತ್ತಂತೆ. ನಮ್ಮ ಭಾವ ಒಂದು ರಿಕ್ಷಾದವನ ಅಂಗಿಗೆ ಹೆದರಿ ಜೀವ ಉಳಿಸುವ ಮದ್ದು ಬಿಟ್ಟು ಓಡಿದ್ದರು. ಅದೇ ರಿಕ್ಷಾದಲ್ಲಿ ಮನೆಗೆ ಬಂದೆ. ದಾರಿಯಲ್ಲಿ ಒಮ್ಮೆ ನಗು ಉಕ್ಕಿ ಬಂತು, ಹಿಂದೆಯೇ ಅಳು. ಡ್ರೈವರ್ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ, ಹುಚ್ಚುನಾಯಿ ಕಚ್ಚಿದವಳೆಂದು ಅವನಿಗೂ ಹೆದರಿಕೆಯಾಗಿರಬೇಕು.

ರಾತ್ರಿ ಅಕ್ಕನಿಗೆ ಸುದ್ದಿ ಸಿಕ್ಕಿತು. ಭಾವ ಬೆಳ್ತಂಗಡಿಯಲ್ಲಿರುವ ತಮ್ಮ ತಂಗಿಯ ಮನೆಗೆ ಹೋಗಿ ಕುಳಿತಿದ್ದರು. ಗುರುವಾರ ಮೊದಲ ಬಸ್ಸಿಗೇ ಹೊರಟೆ. ಬಸ್ಸಿನಲ್ಲಿ ಬೆರಳಿನಲ್ಲಿ ದಿನ ಎಣಿಸಿದೆ. ಭಾನುವಾರ, ಸೋಮವಾರ, ಮಂಗಳವಾರ, ಬುಧವಾರ, ಗುರುವಾರ. ನನಗಾದರೂ ಮದ್ದು ಬಿದ್ದಿತ್ತು. ಅವರ ಅಂಗೈಯಿಂದ ಇಷ್ಟು ದಿನದಲ್ಲಿ ಆ ವಿಷ ಎಷ್ಟು ದೂರ ಹತ್ತಿರಬಹುದು, ಮೊಣಕೈಗೆ? ಭುಜಕ್ಕೆ?

ಅವರು ಚಾವಡಿಯಲ್ಲಿ ಕುಳಿತಿದ್ದರು. ಅಂಗೈಗೆ ಯಾವುದೋ ಸೊಪ್ಪು ಅರೆದು ಕಟ್ಟಿಕೊಂಡಿದ್ದರು. "ಇದು ಸಾಕು, ಇಲ್ಲಿಯ ಮದ್ದು ಭಾರೀ ಪವರ್" ಎಂದರು.

ನನಗೆ ಎಲ್ಲಿತ್ತೋ ಆ ಬಲ. "ಭಾವ, ಆ ಖಾಕಿ ಅಂಗಿಯವನು ಬರೀ ರಿಕ್ಷಾದವನು. ಅದು ಬಿಡಿ. ನೀವು ಈಗ ಏಳದಿದ್ದರೆ ನಾನು ಸೀದಾ ಫಾರೆಸ್ಟ್ ಆಫೀಸಿಗೆ ಹೋಗ್ತೇನೆ. ಎಲ್ಲ ಬರೆದು ಕೊಡ್ತೇನೆ. ಪುಕ್ಕ ಕಿತ್ತದ್ದು ನಾನು, ತಿಂದದ್ದು ನಾನು ಅಂತ ಸಹ ಬರೀತೇನೆ. ಇಬ್ಬರನ್ನೂ ಹಿಡ್ಕೊಂಡು ಹೋಗ್ಲಿ. ಜೈಲಿನಲ್ಲಾದರೂ ಬದುಕಿ ಇರ್ತೀರಲ್ಲ?"

ಅವರು ಸೊಪ್ಪಿನ ಕಟ್ಟನ್ನೇ ನೋಡುತ್ತಾ ಹೇಳಿದರು: "ಫಾರೆಸ್ಟಿನವರ ಹೆದರಿಕೆ ನಿನ್ನೆಗೇ ಮುಗಿಯಿತು. ನಾನು ಒಳಗೆ ಹೋಗಿ, ಡಾಕ್ಟರು ಈ ಕೈ ನೋಡಿ, ತಡವಾಯ್ತು ಅಂತ ಹೇಳಿದರೆ? ಆ ಒಂದು ಮಾತು ಕೇಳ್ಲಿಕ್ಕೆ ನನಗೆ ಧೈರ್ಯ ಇಲ್ಲ ಮಾರಾಯ್ತಿ. ಗೊತ್ತಾಗದೆ ಇದ್ದರೆ ಮನೆಯಲ್ಲಾದರೂ ಕೂರಬಹುದು."

ಐವತ್ತೈದು ದಾಟಿದ ಗಂಡಸು ಹಾಗೆ ಹೇಳಿದಾಗ ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಜೀವಮಾನದಲ್ಲಿ ಎಂದೂ ಮುಟ್ಟದ ಭಾವನ ಕೈಯನ್ನು ಹಿಡಿದು ಎಬ್ಬಿಸಿದೆ. ಬೆಳ್ತಂಗಡಿಯ ಆಸ್ಪತ್ರೆಯಲ್ಲಿ ಅವರ ಸರದಿ ಬರುವವರೆಗೂ ಬಿಡಲಿಲ್ಲ. ಅಲ್ಲಿಯ ಡಾಕ್ಟರಿಗೆ ಕೌಜುಗದ ಕಥೆಯನ್ನು ಅವರೇ ತೊದಲುತ್ತಾ ಶುರುಮಾಡಿದರು. "ಕೌಜುಗವೋ ಕಾಗೆಯೋ, ನನಗೆಂತಕ್ಕೆ? ಕೈ ಬಿಚ್ಚಿ" ಎಂದು ಡಾಕ್ಟರು ಸೊಪ್ಪು ಕಿತ್ತು ಬಿಸಾಡಿ, ಸಾಬೂನು ಹಾಕಿ ತೊಳೆಸಿ, ಚುಚ್ಚಲು ಶುರುಮಾಡಿದರು. ಭಾವ ಕೇಳಲಾರದ ಪ್ರಶ್ನೆಯನ್ನು ನಾನೇ ಕೇಳಿದೆ. "ಮೊದಲ ದಿನವೇ ಬರಬೇಕಿತ್ತು. ಈಗಲಾದರೂ ಬಂದಿರಿ. ಎಲ್ಲ ಡೋಸ್ ತಪ್ಪದೆ ತೆಗೆದುಕೊಳ್ಳಿ" ಎಂದರು. ಆ ಮಾತನ್ನು ನಾವು ಸ್ಕೂಟರಿನಲ್ಲಿ ಬರುವಾಗ ಹತ್ತು ಸಲ ತಿರುಗಿಸಿ ನೋಡಿದೆವು, ಅದರಲ್ಲಿ ಏನೂ ಆಗುವುದಿಲ್ಲ ಎಂಬ ಮಾತು ಸಿಗಲಿಲ್ಲ.

ಇದಾಗಿ ಏಳು ತಿಂಗಳು. ಡೋಸ್ ಎಲ್ಲ ಮುಗಿದಿದೆ. ಕೆಂದುನಾಯಿಗೂ ಇಂಜೆಕ್ಷನ್ ಆಗಿ, ಅದು ಅಂಗಳದಲ್ಲಿ ದುಂಡಗಾಗಿದೆ. ಪದವಿನ ಕಡೆ ನಾವು ಯಾರೂ ಹೋಗಿಲ್ಲ. ಆದರೆ ಈ ರೋಗ ತಿಂಗಳುಗಟ್ಟಲೆ ಸುಮ್ಮನಿದ್ದು ಬರುವುದೂ ಉಂಟು ಎಂದು ಯಾರೋ ಹೇಳಿದ್ದು ತಲೆಯಿಂದ ಹೋಗುವುದಿಲ್ಲ. ನೀರು ಕಂಡರೆ ಗಂಟಲು ಬಿಗಿಯುತ್ತದಂತೆ, ಒಂದು ಗುಟುಕೂ ಇಳಿಯುವುದಿಲ್ಲವಂತೆ. ಅಂದಿನಿಂದ ದಿನಾ ಬೆಳಿಗ್ಗೆ ಎದ್ದ ಕೂಡಲೇ ಭಾವ ಅಡುಗೆಮನೆಯ ಬಾಗಿಲಿಗೆ ಬರುತ್ತಾರೆ. ನಾನು ಎರಡು ಲೋಟ ನೀರು ಹಿಡಿದು ನಿಂತಿರುತ್ತೇನೆ. ಮೊದಲು ಅವರು ಕುಡಿದು, "ಇಳೀತು" ಎನ್ನುತ್ತಾರೆ. ಆಮೇಲೆ ನಾನು ಕುಡಿಯುತ್ತೇನೆ. ಅಕ್ಕ ಇದಕ್ಕೆ ನಗುತ್ತಿದ್ದಳು, ಈಗ ಲೋಟ ತೊಳೆದಿಡುವವಳು ಅವಳೇ.

ಕಳೆದ ವಾರ ಮೂಡುಬಿದಿರೆಯಲ್ಲಿ ಒಂದು ಮದುವೆ. ಅಡುಗೆಯ ಉಸ್ತುವಾರಿ ಭಾವನದ್ದೇ, ಹಾಗಾಗಿ ನಸುಕಿಗೇ ಹೊರಟುಹೋಗಿದ್ದರು. ನಾನೆದ್ದಾಗ ಲೋಟಗಳು ಕವುಚಿಕೊಂಡೇ ಇದ್ದವು. ಏಳು ಗಂಟೆಗೆ ಒಮ್ಮೆ ಫೋನ್ ಮಾಡಿದೆ, ಎತ್ತಲಿಲ್ಲ. ಎಂಟಕ್ಕೆ, ಇಲ್ಲ. ಒಂಬತ್ತಕ್ಕೆ ಎತ್ತಿದರು. ಹಿಂದೆ ವಾಲಗ, ಪಾತ್ರೆಗಳ ಸದ್ದು, ಯಾರೋ ಅನ್ನ ಬಸಿಯಲು ಕೂಗುವುದು.

"ಭಾವ, ನೀರು ಕುಡಿದಿರಾ?"

"ಎಂತ? ಕೇಳುವುದಿಲ್ಲ!"

"ನೀರು! ನೀರು ಕುಡಿದಿರಾ?" ಎಂದು ಕಿರುಚಿದೆ.

"ಬೆಳಿಗ್ಗೆಯಿಂದ ಲೋಟ ಎದುರೇ ಇಟ್ಕೊಂಡಿದ್ದೇನೆ" ಎಂದರು, ಸಣ್ಣ ಸ್ವರದಲ್ಲಿ. "ಒಬ್ಬನೇ ಕುಡಿಲಿಕ್ಕೆ ಧೈರ್ಯ ಬರ್ಲಿಲ್ಲ. ನೀನು ಲೈನಲ್ಲೇ ಇರು."

ಫೋನನ್ನು ಗಂಟಲಿಗೆ ಒತ್ತಿ ಹಿಡಿದಿರಬೇಕು, ವಾಲಗ ದೂರ ಹೋಯಿತು. ನಾನು ಉಸಿರು ಕಟ್ಟಿ ಕೇಳಿದೆ. ಒಂದು ಗುಟುಕು. ಮತ್ತೊಂದು. ಮತ್ತೊಂದು. ಕೊನೆಯವರೆಗೂ ಕೇಳಿ, ನನ್ನ ಲೋಟಕ್ಕೂ ನೀರು ಬಗ್ಗಿಸಿಕೊಂಡೆ, ಅವರಿಗೆ ಕೇಳುವ ಹಾಗೆ ಫೋನನ್ನು ಹತ್ತಿರ ಹಿಡಿದು ನಾನೂ ಕುಡಿದೆ.