ಸೊಸೆಯ ಹೆಸರಿನ ಗಿಣಿಗಳು

ಕಳೆದ ಮಾಘದಲ್ಲಿ, ಚಿಕ್ಕಬಳ್ಳಾಪುರದಲ್ಲಿ ನಮ್ಮ ತವರುಮನೆಯ ಹಿಂದಿನ ಬೀದಿಯಲ್ಲಿದ್ದ ಕುಂಬಾರಜ್ಜಿ ತೀರಿಕೊಂಡರು. ವಯಸ್ಸು ಎಂಬತ್ತು ದಾಟಿತ್ತು. ಸುದ್ದಿ ಯಾವ ಪತ್ರಿಕೆಯಲ್ಲೂ ಬರಲಿಲ್ಲ. ನಾನು ಕೆಲಸ ಮಾಡುವ ಪತ್ರಿಕೆಯಲ್ಲೂ ಬರಲಿಲ್ಲ.

ಅವರ ನೆನಪನ್ನು ಈಗ ಎಬ್ಬಿಸಿದ್ದು ಒಂದು ಫೋಟೊ. ಪುರವಣಿಗೆ ಬಂದ ಲೇಖನದ ಜೊತೆ ಪ್ರಾಚೀನ ಗ್ರೀಸಿನ ಹೂಜಿಯೊಂದರ ಚಿತ್ರವಿತ್ತು. ಕಪ್ಪು ಹಿನ್ನೆಲೆ, ಕುದುರೆಯ ಪಕ್ಕ ನಿಂತ ಕೆಂಪು ಮೈಯ ಯುವಕ. ಚಿತ್ರ ಬರೆದವರ ಹೆಸರು ಯಾರಿಗೂ ಗೊತ್ತಿಲ್ಲ. ಕಿವಿ ತಿದ್ದಿದ ರೀತಿ, ಬಟ್ಟೆಯ ನೆರಿಗೆ ಎಳೆದ ರೀತಿ ನೋಡಿ, ಬೇರೆ ಬೇರೆ ಕಡೆ ಸಿಕ್ಕ ಹೂಜಿಗಳು ಒಂದೇ ಕೈಯವು ಎಂದು ವಿದ್ವಾಂಸರು ಗುರುತಿಸುತ್ತಾರಂತೆ. ಪುಟ ಅಚ್ಚಿಗೆ ಕಳಿಸಿದ ಮೇಲೂ ನಾನು ಆ ಚಿತ್ರವನ್ನು ಮುಚ್ಚಲಿಲ್ಲ. ಹಸಿ ಸುಣ್ಣದ ವಾಸನೆ ಬಂದಂತಾಯಿತು…

ನಮ್ಮ ಕಡೆ ಮದುವೆಗೆ ಅರಿವೇಣಿ ಬೇಕು. ಅಂದರೆ ಸುಣ್ಣ ಬಳಿದು, ಅದರ ಮೇಲೆ ಕೆಮ್ಮಣ್ಣು, ಹಸಿರು ಬಣ್ಣಗಳಲ್ಲಿ ಚಿತ್ರ ಬರೆದ ಮಡಕೆಗಳು. ಮದುವೆಮನೆಯ ಹೆಂಗಸರು ವಾಲಗದ ಜೊತೆ ಕುಂಬಾರರ ಮನೆಗೇ ಹೋಗಿ, ಪೂಜೆ ಮಾಡಿ, ಹೊತ್ತು ತರುತ್ತಾರೆ. ನಮ್ಮ ಬೀದಿಗಳಿಗೆ ಅವನ್ನು ಬರೆದುಕೊಡುತ್ತಿದ್ದವರು ಕುಂಬಾರಜ್ಜಿ. ಆಗಿನ್ನೂ ಅವರು ಅಜ್ಜಿಯಲ್ಲ. ಈಚಲ ಕಡ್ಡಿಯ ತುದಿ ಜಜ್ಜಿ ಕುಂಚ ಮಾಡಿಕೊಳ್ಳುತ್ತಿದ್ದರು. ಅವರ ಗಿಣಿ ಕೊಕ್ಕಿನಿಂದ ಬಾಲದವರೆಗೆ ಒಂದೇ ಎಳೆ, ನಡುವೆ ಕೈ ಎತ್ತುತ್ತಿರಲಿಲ್ಲ. ನಮ್ಮಕ್ಕನ ಮದುವೆಯ ಮಡಕೆಯ ಮೇಲೆ ಅಂಥ ಎರಡು ಗಿಣಿಗಳು ಕತ್ತು ಹಿಂದಕ್ಕೆ ತಿರುಗಿಸಿ ಒಂದನ್ನೊಂದು ನೋಡುತ್ತಿದ್ದವು.

ಅಕ್ಕನ ಮದುವೆಯಾದ ಮರುವರ್ಷ ಕುಂಬಾರಜ್ಜಿಯ ಗಂಡ ತೀರಿಕೊಂಡರು. ಮದುವೆ ಮಡಕೆಗೆ ಮುತ್ತೈದೆಯ ಕೈಯೇ ಆಗಬೇಕು ಎನ್ನುವುದು ರೂಢಿ. ಮಗ ಅಪ್ಪನ ಚಕ್ರಕ್ಕೆ ಕೂತ. ಕುಂಬಾರಜ್ಜಿ ಒಳಗೆ ಉಳಿದರು, ಜಗಲಿಗೆ ಸೊಸೆ ಬಂದರು. ಇನ್ನು ಮೇಲೆ ಬರೆಯುವವರು ಸೊಸೆ ಎಂದು ಬೀದಿಗೆಲ್ಲ ಗೊತ್ತಾಯಿತು.

ನನ್ನ ಮದುವೆಗೆ ಮಡಕೆ ತರಲು ಹೋದಾಗ ನನ್ನನ್ನೂ ಕರೆದೊಯ್ದಿದ್ದರು. ಸೊಸೆಯ ಬೆರಳಿಗೆಲ್ಲ ಸುಣ್ಣ, ಕೆಮ್ಮಣ್ಣು. ಮಡಕೆಯ ಮೇಲಿನ ಗಿಣಿಗಳ ಕತ್ತು ಗಿಡ್ಡ. ಒಂದರ ಬಾಲದ ಗೆರೆ ನಡುಗಿತ್ತು. ಗೌರಿಬಿದನೂರಿನಿಂದ ಬಂದಿದ್ದ ಗಂಡಿನ ಸೋದರತ್ತೆ ಮಡಕೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಏನಮ್ಮ ಇದು, ಗಿಣೀನೋ ಕೋಳಿ ಪಿಳ್ಳೇನೋ?"

ಹೆಂಗಸರು ನಕ್ಕರು. ನಮ್ಮಮ್ಮ, "ಹೊಸಾ ಕೈ ಅಲ್ವಾ ಅಕ್ಕ, ಹೋಗ್ತಾ ಹೋಗ್ತಾ ಸರಿಹೋಗತ್ತೆ" ಅಂದರು.

"ಇವಳ ಅತ್ತೆ ಕೈ ನೋಡಿದೀನಿ ಕಣಮ್ಮ ನಾನು. ಅದ್ರಲ್ಲಿ ಕಾಲುಭಾಗನಾದ್ರೂ ಬ್ಯಾಡ್ವಾ?"

ಒಳಬಾಗಿಲ ಸಂದಿಯಿಂದ ಕುಂಬಾರಜ್ಜಿಯ ದನಿ ಬಂತು. "ಬೈಬೇಡ್ರಮ್ಮ, ಕಲೀತಾಳೆ. ಮೊದ್ಲು ಮೊದ್ಲು ನಾನೂ ಹಂಗೇ ಬರೀತಿದ್ದೆ."

ಗಿಣಿಗಳು ಸುಧಾರಿಸಿದವು. ತಂಗಿಯ ಮದುವೆಯ ಹೊತ್ತಿಗೆ ಕತ್ತು ಉದ್ದವಾಗಿತ್ತು. ಚಿಕ್ಕಪ್ಪನ ಮಗಳ ಮದುವೆಯ ಹೊತ್ತಿಗೆ ಬಾಲದ ನಡುಕ ನಿಂತಿತ್ತು. ಕೊನೆಕೊನೆಗೆ ಶಿಡ್ಲಘಟ್ಟ, ಚಿಂತಾಮಣಿಯಿಂದಲೂ ಜನ ಆ ಸೊಸೆ ಬರೆದ ಮಡಕೆಯೇ ಬೇಕೆಂದು ಬರುತ್ತಿದ್ದರು.

ಕುಂಬಾರಜ್ಜಿಯ ತಿಥಿಯ ಮಾರನೆಯ ದಿನ ಮಾತಾಡಿಸಲು ಹೋದೆ. ಸೊಸೆಗೂ ಈಗ ತಲೆ ನೆರೆತಿದೆ. ಕಾಫಿ ಕೊಟ್ಟು, ಎದುರಿಗೆ ಕೂತು, ಅವರಾಗಿಯೇ ಹೇಳಿದರು.

"ನಾನು ಒಂದು ಗಿಣೀನೂ ಬರ್ದಿಲ್ಲ ಕಣಕ್ಕ. ಎಲ್ಲಾ ಅವ್ರೇ."

ಕುಂಬಾರಜ್ಜಿ ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಬರೆಯುತ್ತಿದ್ದರಂತೆ. ಕೈ ಗುರುತು ಸಿಕ್ಕಿದರೆ ಮಡಕೆಗಳು ವಾಪಸ್ಸು ಬರುತ್ತವೆ, ಆಮೇಲೆ ಯಾವ ಮದುವೆಯವರೂ ಆ ಬಾಗಿಲಿಗೆ ಬರುವುದಿಲ್ಲ, ತಾವು ಮತ್ತೆ ಕುಂಚ ಹಿಡಿಯುವಂತಿಲ್ಲ. ಅದಕ್ಕೇ ಮೊದಮೊದಲು ಬೇಕೆಂದೇ ಕೆಡಿಸಿ ಬರೆದರು. ಹೊಸಬಳೊಬ್ಬಳು ಕಲಿಯಲು ಎಷ್ಟು ಕಾಲ ಬೇಕೋ ಅಷ್ಟೇ ನಿಧಾನವಾಗಿ ವರ್ಷವರ್ಷಕ್ಕೂ ಸ್ವಲ್ಪ ಸ್ವಲ್ಪ ತಿದ್ದುತ್ತ ಬಂದರು. ಮದುವೆಯವರು ಬರುವ ದಿನ ಬೆಳಿಗ್ಗೆ ಸೊಸೆಯ ಬೆರಳಿಗೆ ತಾವೇ ಬಣ್ಣ ಮೆತ್ತುತ್ತಿದ್ದರು.

"ಕೆಡಿಸಿ ಬರಿಯೋದೇ ಕಷ್ಟ ಕಣೇ, ಕೈ ಮಾತು ಕೇಳಲ್ಲ, ತಾನೇ ಸರಿಹೋಗ್ಬಿಡತ್ತೆ ಅನ್ನೋರು" ಎಂದರು ಸೊಸೆ. ಖಾಲಿ ಲೋಟ ತೆಗೆದುಕೊಳ್ಳುತ್ತ, "ನನಗೂ ಕಲಿಸೋಕೆ ನೋಡಿದ್ರು. ನಂಗೆ ಬರ್ಲೇ ಇಲ್ಲ" ಎಂದರು.

ಗ್ರೀಸಿನ ಹೂಜಿ ನೋಡುವ ವಿದ್ವಾಂಸರ ಮುಂದೆ ನಮ್ಮ ಮನೆಯ ಮಡಕೆಗಳನ್ನು ಇಟ್ಟಿದ್ದರೆ, ಅಕ್ಕನದು ಒಬ್ಬರ ಕೈ, ನನ್ನದು ಬೇರೊಬ್ಬರ ಕೈ ಎಂದೇ ಬರೆದುಕೊಳ್ಳುತ್ತಿದ್ದರು. ಅದು ಅವರ ತಪ್ಪಾಗುತ್ತಿರಲಿಲ್ಲ. ನೋಡಿದವರು ಹಾಗೆ ಅನ್ನಲಿ ಎಂದೇ ಅವನ್ನು ಬರೆದದ್ದು. ಅಂದು ನಗು ಕೇಳುತ್ತ ಬಾಗಿಲ ಹಿಂದೆ ಕೂತಿದ್ದವರ ಮುಖ ಹೇಗಿತ್ತೋ… ನಾನು ನೋಡಿಲ್ಲ. ಇನ್ನು ಕೇಳುವಂತೆಯೂ ಇಲ್ಲ.

ಇದನ್ನು ಬರೆಯಲೇ ಎಂದು ಸೊಸೆಯನ್ನು ಕೇಳಿದೆ.

"ಬರ್ಕೊಳಿ. ಹೆಸರು ಮಾತ್ರ ಬ್ಯಾಡ. ಆ ಮಡಕೆ ಇಟ್ಟು ಮದುವೆ ಆದೋರು ಎಷ್ಟೋ ಜನ ಅವ್ರೆ. ಅವರ ಮನಸ್ಸಿಗೆ ಯಾಕೆ ಕಸಿವಿಸಿ."

ಕಳೆದ ತಿಂಗಳು ನಂದಿ ಕಡೆಯವರು ಮದುವೆ ಮಡಕೆ ಕೇಳಿಕೊಂಡು ಬಂದಿದ್ದರು. ಸೊಸೆ, ಕೈ ನೋವು, ಇನ್ನು ಬರೆಯುವುದಿಲ್ಲ ಎಂದರು. ಬಂದವರಲ್ಲಿ ಹಿರಿಯ ಹೆಂಗಸೊಬ್ಬರು ಒಂದಷ್ಟು ಹೊತ್ತು ಬೇಡಿಕೊಂಡರು. ಕೊನೆಗೆ, "ನಿಮ್ಮತ್ತೆಗಿಂತ ನೀವೇ ಒಂದು ಕೈ ಮೇಲಿದ್ರಿ ಕಣಮ್ಮ" ಎಂದು ಹೇಳಿ ಎದ್ದರು. ಆ ಮದುವೆ ಚಿತ್ರವಿಲ್ಲದ ಮಡಕೆಗಳನ್ನಿಟ್ಟು ನಡೆಯಿತು.