ಒಂದು ತಾಸಿನ ಹೈದರಾಬಾದು

ಅಕ್ಕನನ್ನು ಹೈದರಾಬಾದಿಗೆ ಕೊಟ್ಟಾಗ ಅದು ರಾತ್ರಿಯಿಡೀ ಬಸ್ಸಿನಲ್ಲಿ ಕೂರುವ ಹಾದಿಯಾಗಿತ್ತು. ಬೆಳಗಾವಿಯಿಂದ ವಿಮಾನ ಶುರುವಾದ ಮೇಲೆ ಬನಹಟ್ಟಿಯ ನಮ್ಮ ಮನೆಯಲ್ಲಿ ಎಲ್ಲರೂ ‘ಒಂದ ತಾಸಿನ ಹಾದಿ’ ಎನ್ನತೊಡಗಿದೆವು. ಮೊಬೈಲೂ ಹಾಗೇ ತೋರಿಸುತ್ತಿತ್ತು. ಬನಹಟ್ಟಿಯಿಂದ ಬೆಳಗಾವಿಯವರೆಗಿನ ರಸ್ತೆಯನ್ನು ಲೆಕ್ಕಕ್ಕೆ ಹಿಡಿಯುವ ಬುದ್ಧಿ ನಮಗ್ಯಾರಿಗೂ ಬರಲಿಲ್ಲ.

ಕಬ್ಬು ಕಡಿಯುವ ಕಾಲ. ಒಂದು ಬೆಳಿಗ್ಗೆ ಅಕ್ಕನ ಮಗ ಫೋನು ಮಾಡಿ ಅತ್ತ. ಅಕ್ಕ ತೀರಿಕೊಂಡಿದ್ದಳು.

"ಹೊತ್ತ ಮುಳುಗೂದ್ರಾಗ ಮಣ್ಣ ಮಾಡಬೇಕಂತ ಹಿರ್ಯಾರು ಅನ್ನಾಕತ್ತಾರ. ಯಾವಾಗ ಬರ್ತೀರಿ ಮಾಮಾ?"

"ವಿಮಾನದಾಗ ಒಂದ ತಾಸಪಾ. ಬಂದೆ ಅಂತ ತಿಳಿ," ಎಂದೆ.

ನಮ್ಮಲ್ಲಿ ಹೆಣ್ಣುಮಗಳಿಗೆ ಕೊನೆಯ ಸೀರೆ ತವರಿನದೇ ಆಗಬೇಕು. ಅದನ್ನು ಒಯ್ಯುವವನು ಅಣ್ಣನೋ ತಮ್ಮನೋ. ಅದರಲ್ಲೂ ನಮ್ಮದು ನೇಕಾರರ ಮನೆತನ. ನಮ್ಮ ಅಕ್ಕ ಯಾವುದೋ ಅಂಗಡಿಯ ಸೀರೆಯಲ್ಲಿ ಮಣ್ಣಿಗೆ ಹೋದರೆ ಮುಖ ಎಲ್ಲಿಡುವುದು? ನಮ್ಮ ಮಗ್ಗದಲ್ಲೇ ನೇಯ್ದ ಹಸಿರು ಸೀರೆಯೊಂದನ್ನು ಚೀಲಕ್ಕೆ ಹಾಕಿಕೊಂಡು ಬಾಡಿಗೆ ಕಾರು ಹತ್ತಿದೆ.

ಮಹಾಲಿಂಗಪುರ ದಾಟುವ ಮೊದಲೇ ಸಿಕ್ಕಿಬಿದ್ದೆವು. ಮುಂದೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರುಗಳು, ಜೋರಾಗಿ ಹಾಡು ಹಚ್ಚಿಕೊಂಡು ಮದುವೆ ದಿಬ್ಬಣದಂತೆ ತೆವಳುತ್ತಿದ್ದವು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಹಾಗಾಯಿತು.

"ಹಾರ್ನ್ ಹೊಡಿಯಲೇ!" ಎಂದು ಡ್ರೈವರನ ಮೇಲೆ ಚೀರಿದೆ.

"ಹೊಡದ್ರ ಅವ ಎಲ್ಲಿ ಸರೀತಾನ್ರೀ? ಎರಡೂ ಕಡೆ ಹಸಿ ಎರಿ ಮಣ್ಣ ಐತಿ, ಇಳದ್ರ ಪಲ್ಟೀನ," ಎಂದ.

ಅವನ ಮಾತು ನಿಜವಾಗಿತ್ತು. ಅದಕ್ಕೇ ಸಿಟ್ಟು ಇನ್ನಷ್ಟು ಏರಿತು. ಇಳಿದು ಓಡೋಣವೆಂದರೆ ಎಲ್ಲಿಗೆ ಓಡುವುದು?

ಬೆಳಗಾವಿ ಮುಟ್ಟುವಷ್ಟರಲ್ಲಿ ವಿಮಾನ ಹೋಗಿತ್ತು. ಮುಂದಿನದು ಮಧ್ಯಾಹ್ನದ ಮೇಲೆ. ಅಲ್ಲಿಯವರೆಗೆ ಗಾಜಿನ ಗೋಡೆಯೊಳಗೆ, ತಣ್ಣಗಿನ ಕುರ್ಚಿಯಲ್ಲಿ ಕೂತೆ. ಇನ್ನೇನು ಬಂದೇಬಿಟ್ಟೆ ಎಂದು ಅಳಿಯನಿಗೆ ಮತ್ತೆ ಮತ್ತೆ ಸುಳ್ಳು ಹೇಳಿದೆ.

ವಿಮಾನದಲ್ಲಿ ಗಗನಸಖಿ ಚೀಲವನ್ನು ಸೀಟಿನ ಕೆಳಗಿಡಲು ಹೇಳಿದಳು. "ಇದು ಕಾಲ ಬುಡಕ ಇಡೂದಲ್ಲವ್ವಾ," ಎಂದೆ. ಅವಳಿಗೆ ಏನು ತಿಳಿಯಿತೋ, ಚೀಲ ಇಸಿದುಕೊಂಡು ಮೇಲಿಟ್ಟಳು. ಬೆಲ್ಟು ಬಿಗಿದುಕೊಂಡು ಕೂತವನಿಗೆ ಕಿಟಕಿಯಲ್ಲಿ ಕಂಡದ್ದು ಇಳಿಯುತ್ತಿದ್ದ ಸೂರ್ಯ ಮಾತ್ರ. ಹಾರಿದ್ದು ಸರಿಯಾಗಿ ಒಂದು ತಾಸು. ಮೊಬೈಲು ಸುಳ್ಳು ಹೇಳಿರಲಿಲ್ಲ.

ವಿಮಾನ ನೆಲ ಮುಟ್ಟಿ ನಿಂತ ಕೂಡಲೇ ಎದ್ದು, ಚೀಲ ತೆಗೆದುಕೊಂಡು, ಜನರ ನಡುವೆ ಸಿಕ್ಕಿ ನಿಂತೆ. ಫೋನು ಬಂತು.

"ಮಣ್ಣ ಆತು ಮಾಮಾ. ಹಿರ್ಯಾರು ತಡೀಲಿಲ್ಲ."

"ಸೀರಿ?" ಎಂದಷ್ಟೇ ಕೇಳಿದೆ.

"ತವರ ಸೀರಿನ ಉಡಿಸೇವ್ರಿ. ಪಂಚಮಿಗೆ ನೀವು ಕೊಟ್ಟದ್ದು. ಅವ್ವ ಅದನ್ನ ಉಡದನ ತಗದಿಟ್ಟಿದ್ಲು. ‘ನನ್ನ ತಮ್ಮಗ ವ್ಯಾಳ್ಯಾಕ್ಕ ಮುಟ್ಟೂದು ಆಗೂದಿಲ್ಲ, ಅವನ್ನ ಯಾರೂ ಬೈಬ್ಯಾಡ್ರಿ’ ಅಂತ ಹೇಳಿದ್ಲು."

ಬಾಗಿಲು ಇನ್ನೂ ತೆರೆದಿರಲಿಲ್ಲ. ಹಿಂದಿನವರು ನೂಕುತ್ತಿದ್ದರು, ಮುಂದಿನವರು ಸರಿಯುತ್ತಿರಲಿಲ್ಲ. ತವರು ಎಷ್ಟು ದೂರವೆಂದು ನಮ್ಮ ಮನೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಚೀಲವನ್ನು ಎದೆಗೆ ಒತ್ತಿಕೊಂಡು, ಅಷ್ಟು ಜನರ ನಡುವೆ ನಿಂತಲ್ಲೇ ಅತ್ತೆ.