ಬಿರಡೆಯಮ್ಮನ ಬೀಗದಕೈ ಗೊಂಚಲು

ದಡದವರೆಲ್ಲ ಅವಳನ್ನು ಕರೆಯುವುದೇ ಬಿರಡೆಯಮ್ಮ ಎಂದು. ಗಂಡನದು ಮೋಟರಿನ ಸಣ್ಣ ಮೀನುದೋಣಿ. ದಡಕ್ಕೆ ಎಳೆದ ಮೇಲೆ ತಳದ ನೀರು ಬಸಿದುಹೋಗಲೆಂದು ಅದರ ಹಿಂಬದಿಯಲ್ಲೊಂದು ತೂತು, ಆ ತೂತಿಗೊಂದು ಹಿತ್ತಾಳೆಯ ತಿರುಪಿನ ಬಿರಡೆ. ಮದುವೆಯಾದ ಹೊಸತರಲ್ಲಿ ಗಂಡ ಬಿರಡೆ ಹಾಕದೆಯೇ ಸಮುದ್ರಕ್ಕಿಳಿದು, ಕಾಲು ಮುಳುಗಿದ ಮೇಲೆ ಎಚ್ಚೆತ್ತು, ಊಟದ ಡಬ್ಬಿಯಲ್ಲಿ ನೀರು ಮೊಗೆಯುತ್ತ ಹೇಗೋ ವಾಪಸು ಬಂದಿದ್ದ.

"ನೀನು ನೋಡ್ಕೋಬಾರದಾಗಿತ್ತೇನೇ?" ಎಂದರು ಅತ್ತೆ. ಮರೆತದ್ದು ಮಗ, ಬೈಗುಳ ಸೊಸೆಗೆ.

ಅಂದಿನಿಂದ ಬಿರಡೆ ಅವಳ ಬೀಗದಕೈ ಗೊಂಚಲು ಸೇರಿತು. ಸಂಜೆ ಬಿಚ್ಚುವುದು, ಬೆಳಿಗ್ಗೆ ತಿರುಗಿಸಿ ಬಿಗಿಮಾಡುವುದು ಅವಳೇ. ಅದರ ಬೆನ್ನಿಗೇ ಉಳಿದದ್ದೂ ಬಂತು: ಪೆಟ್ರೋಲು, ಕುಡಿಯುವ ನೀರು, ಟಾರ್ಚಿನ ಸೆಲ್ಲು, ಲೈಫ್ ಜಾಕೆಟ್ಟಿನ ಬಿಚ್ಚಿದ ಹೊಲಿಗೆ, ಮುಚ್ಚಳದ ಡ್ರಮ್ಮಿನಲ್ಲಿ ಒಣಬಟ್ಟೆ, ಗಂಡನ ಸೊಂಟಕ್ಕೆ ಸ್ಪಂಜಿನ ದಿಂಬು, ಅಲೆ ಎದ್ದರೆ ವಾಂತಿ ಮಾಡುವ ಮೈದುನನಿಗೆ ಶುಂಠಿ ಚೂರು. "ನಮ್ಮ ದೋಣೀಲಿ ಮನೇಗಿಂತ ಆರಾಮ" ಎಂದು ಗಂಡ ಚಹಾದಂಗಡಿಯಲ್ಲಿ ಕೊಚ್ಚಿಕೊಳ್ಳುತ್ತಿದ್ದ. ಅವಳು ಆ ದೋಣಿ ಹತ್ತಿದ್ದು ತೊಳೆಯುವುದಕ್ಕೆ ಮಾತ್ರ.

"ಏನು ಬಿರಡೆಯಮ್ಮ, ಗಂಡನ್ನೂ ಗೊಂಚಲಿಗೇ ಸಿಕ್ಕಿಸ್ಕೊಂಡಿದೀಯಾ?" ಎಂದು ಬಲೆ ಹೆಣೆಯುವವಳು ರೇಗಿಸುತ್ತಿದ್ದಳು.

"ಅವರೆಲ್ಲಿ ಸಿಗ್ತಾರೆ ಕಣೇ? ಸಿಕ್ಕಿಕೊಂಡಿರೋಳು ನಾನು."

ಅಕ್ಕನ ಊರಿಗೆ ದಿನಕ್ಕೊಂದೇ ಬಸ್ಸು. ಅಕ್ಕ ಫೋನಿನಲ್ಲಿ ಹೇಳುವುದು ಯಾವಾಗಲೂ ಒಂದೇ: "ಒಂದು ಸಲ ಬಾರೇ. ಅಡುಗೆಮನೆಗೆ ನಿನ್ನನ್ನ ಬಿಡೋದೇ ಇಲ್ಲ. ನಾನು ಬಡಿಸ್ತೀನಿ, ನೀನು ಕೂತು ತಿನ್ನು." ಮದುವೆಯಾದಾಗಿನಿಂದ ಯಾರೂ ಅವಳಿಗೆ ಬಡಿಸಿರಲಿಲ್ಲ. ಅವಳಿಗೆ ಬೇಕಿದ್ದದ್ದು ಆ ಒಂದು ತಟ್ಟೆ.

ಈ ಸಲ ಗಂಡನೇ, "ಹೋಗಿ ಬಾ, ನಾವೇನು ಎಳೆಮಕ್ಕಳಾ?" ಎಂದಿದ್ದ. ಹಿಂದಿನ ಸಂಜೆಯೇ ದೋಣಿಗೆ ಎಲ್ಲವನ್ನೂ ತುಂಬಿಟ್ಟಳು. ಹೊರಡುವ ಮುಂಚೆ ಬಿರಡೆಯೊಂದನ್ನು ಹಾಕಿದರಾಯಿತು. ಬೆಳಿಗ್ಗೆ ಅತ್ತೆಗೆ ಬಿಸಿನೀರು, ಮತ್ತೆ ಬಿಸಿನೀರು, ಗಂಡನಿಗೆ ಕಣ್ಣೆದುರೇ ಇದ್ದ ಟವೆಲು. ಅಷ್ಟರಲ್ಲಿ ಬಸ್ಸು ಹಾರ್ನು ಹೊಡೆಯಿತು. ಓಡಿದಳು.

ಕಿಟಕಿ ಪಕ್ಕದ ಸೀಟು. ಗಾಳಿಗೆ ಕಣ್ಣು ಮುಚ್ಚಿ ಕೂತವಳು ಕರ್ಚೀಫಿಗೆಂದು ಚೀಲಕ್ಕೆ ಕೈಹಾಕಿದರೆ ಬೆರಳಿಗೆ ತಣ್ಣನೆಯ ಹಿತ್ತಾಳೆ ತಾಗಿತು. ಆಗಲೇ ಗಂಡನ ಫೋನು.

"ಬಿರಡೆ ಎಲ್ಲೇ?"

"ನನ್ನ ಜೊತೇಲೇ ಬಂದ್ಬಿಟ್ಟಿದೆ ರೀ. ಇವತ್ತೊಂದು ದಿನ ಹೋಗ್ಬೇಡಿ. ಇನ್ನೊಂದು ತಂದಿಟ್ಟಿದ್ನಲ್ಲ?"

"ಅದನ್ನ ಬಲೆಗೆ ಭಾರ ಅಂತ ಕಟ್ಟಿದ್ದೆ, ಹೋಯ್ತು. ಬಿಡು, ಬಟ್ಟೆ ತುರುಕ್ಕೊಂಡು ಹೋಗ್ತೀವಿ."

"ಅಯ್ಯೋ, ಬೇಡ!"

"ನೀನು ಆರಾಮಾಗಿ ಹೋಗೇ."

ಹಿಂದಿನಿಂದ ಮೈದುನ ನಗುತ್ತ ಕೂಗಿದ: "ಅತ್ತಿಗೇ, ಮುಳುಗಿದ್ರೆ ನನ್ನ ಸಾಲದ ಸ್ಕೂಟರು ನಿಮಗೇ!"

ಗಂಡ ರೇಗಿದ್ದರೆ ಅವಳೂ ರೇಗಿ ಸುಮ್ಮನೆ ಕೂರಬಹುದಿತ್ತು. ಅವನು ರೇಗಲಿಲ್ಲ, ನಿಜವಾಗಿಯೂ ಹೋಗುವವನಿದ್ದ. ನೆನೆದ ಬಟ್ಟೆ ಅಲೆಯ ಹೊಡೆತಕ್ಕೆ ಸಡಿಲುವುದು ಅವಳ ಕಣ್ಣಿಗೆ ಕಟ್ಟಿತು.

"ತಡೀರಿ, ಬಂದೆ" ಎಂದವಳೇ ಬಸ್ಸು ನಿಲ್ಲಿಸಲು ಹೇಳಿ ಇಳಿದಳು.

ಎದುರಿನಿಂದ ಬಂದ ಮೀನಿನ ಲಾರಿಯಲ್ಲಿ ದಡ ಮುಟ್ಟಿದಾಗ ದೋಣಿ ನೀರಿನಂಚಿನಲ್ಲೇ ಇತ್ತು. ತೂತಿನಲ್ಲಿ ಅವಳದೇ ಹಳೇ ಬಟ್ಟೆಯ ಚೂರು. ಗಂಡ ಸ್ಪಂಜಿನ ದಿಂಬಿನಿಂದ ಏಳಲಿಲ್ಲ. ಅವಳು ಚೀಲವನ್ನು ಭುಜಕ್ಕೇರಿಸಿ ಕುಕ್ಕರಗಾಲಲ್ಲಿ ಕೂತು, ಬಟ್ಟೆ ಕಿತ್ತು, ಬಿರಡೆ ತಿರುಗಿಸಿ, ಇನ್ನೂ ಅರ್ಧ ಸುತ್ತು ಬಿಗಿ ಮಾಡಿದಳು. ಉಟ್ಟ ಸೀರೆಯಂಚು ಒದ್ದೆಯಾಯಿತು.

"ಬಂದದ್ದು ಒಳ್ಳೇದಾಯ್ತು," ಎಂದ ಗಂಡ, ಮೋಟರಿನ ಹಗ್ಗ ಎಳೆಯುತ್ತ. "ಅಮ್ಮ ಬಿಸಿನೀರು ಬಿಸಿನೀರು ಅಂತ ಕೂಗ್ತಾ ಇದಾಳೆ."

ದೋಣಿ ಹೋಯಿತು. ಎಲ್ಲ ಸರಿಯಾಗಿತ್ತು, ಎಲ್ಲೂ ಒಂದು ತೊಟ್ಟು ಸೋರಲಿಲ್ಲ.

ಅಕ್ಕನ ಫೋನು ಬಂತು. "ಎಲ್ಲಿದೀಯೇ? ಒಲೆ ಹಚ್ಚಲಾ?"

"ನೀನು ಊಟ ಮಾಡಿಬಿಡಕ್ಕ."

"ಮತ್ತೆ ನೀನು?"

ಬಿರಡೆ ಕಳಚಿದ ಬೀಗದಕೈ ಗೊಂಚಲಿನ ಬಳೆಯೊಳಗೆ ಬೆರಳು ತೂರಿಸಿ ತಿರುಗಿಸುತ್ತ ಅವಳೆಂದಳು: "ನಾನಾ? ದಡದಲ್ಲೇ ಇದೀನಿ."